ಎರಡು ಬೀಗ ಹಾಕಿದ ಪುಸ್ತಕಗಳು

ನಾನು ಚಿಕ್ಕವಳಿದ್ದಾಗ ನಮ್ಮಲ್ಲಿ ಕೆರೆ ಒಂದೇ, ಚಾವಡಿ ಒಂದೇ, ಸೊರಬಕ್ಕೆ ಹೋಗುವ ಬಸ್ಸೂ ಒಂದೇ. ಊರು ಮಾತ್ರ ಎರಡು. ಆನವಟ್ಟಿಗೂ ಜಡೆಗೂ ನಡುವೆ, ಗದ್ದೆಗಳ ಮಧ್ಯೆ ಇದ್ದ ನಮ್ಮ ಹಳ್ಳಿಗೆ ಸರ್ಕಾರದವರು ಒಂದೇ ಹೆಸರು ಬರೆದುಕೊಂಡಿದ್ದರು. ಆದರೆ ಮೇಲಿನ ಓಣಿಯವರನ್ನು ಕೇಳಿದರೆ ಊರೆಂದರೆ ತಾವು ಅನ್ನುತ್ತಿದ್ದರು, ಕೆಳಗಿನ ಓಣಿಯವರನ್ನು ಕೇಳಿದರೆ ತಾವು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಸಾವಿಗೂ ಹೋಗುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಕೆರೆಯ ತೂಬಿನಿಂದ. ಗದ್ದೆಗೆ ನೀರು ಯಾರಿಗೆ ಮೊದಲು ಬಿಡಬೇಕು ಅನ್ನುವ ತಕರಾರು. ನಾನು ಹುಟ್ಟುವ ಮೊದಲೇ ಅದು ಸೊರಬದ ಕೋರ್ಟಿನ ಮೆಟ್ಟಿಲು ಹತ್ತಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಜಗಳಕ್ಕೆ ನೀರಿನ ನೆವವೂ ಬೇಕಿರಲಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ವರ್ಷವೂ ಜಗಳವಾಡಿದರು. ಅವರ ಕೋಳಿ ನಮ್ಮ ಕಣಕ್ಕೆ ಬಂದರೆ ನಾವು ಕಲ್ಲು ಬೀರುತ್ತಿದ್ದೆವು. ನಮ್ಮ ಎಮ್ಮೆ ಅವರ ಹುಲ್ಲಿನ ಬಣವೆಗೆ ಬಾಯಿ ಹಾಕಿದರೆ ಅವರು ಅದನ್ನು ದೊಡ್ಡಿಗೆ ಅಟ್ಟುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸಾಲು ನಮ್ಮದು, ಬಾಗಿಲ ಕಡೆಯ ಸಾಲು ಅವರದು. ನಮ್ಮ ಸಾಲಿನಲ್ಲಿ ಜಾಗ ಸಿಗದಿದ್ದರೆ ಅಪ್ಪ ಸೊರಬದವರೆಗೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದ, ಆಚೆ ಸಾಲಿನಲ್ಲಿ ಸೀಟು ಖಾಲಿ ಇದ್ದರೂ. ಮೇಲಿನ ಓಣಿಗೆಲ್ಲಾ ಅಪ್ಪನದೇ ಮುಂದಾಳತ್ವ. ಕೂತುಬಿಟ್ಟರೆ ಮರ್ಯಾದೆ ಏನಾಗಬೇಕು?

ನನ್ನ ಅಪ್ಪನ, ಅಂದರೆ ನಿಮ್ಮ ಮುತ್ತಜ್ಜನ ಬಗ್ಗೆ ಬರೀ ಒಳ್ಳೆಯ ಮಾತು ಹೇಳಬೇಕೆಂದು ನನಗೂ ಆಸೆ, ಮಕ್ಕಳೇ. ಬೇರೆ ದಿನದ ಕಥೆಯಾಗಿದ್ದರೆ ಹೇಳುತ್ತಿದ್ದೆ. ನಾನೀಗ ಹೇಳಲಿರುವ ದಿನದ್ದರಲ್ಲಿ ಆಗುವುದಿಲ್ಲ.

ಎರಡೂ ಓಣಿ ಕೂಡುವ ಜಾಗದಲ್ಲಿ ಚಾವಡಿ ಇತ್ತು. ಅದರ ಒಳಗೋಡೆಗೆ ಒತ್ತಿ ಒಂದು ಪುಟ್ಟ ಸಾಗುವಾನಿ ಕಪಾಟು ನಿಂತಿತ್ತು. ಆ ಕಪಾಟು ನಮ್ಮೂರಿನ ಒಬ್ಬ ಮೇಷ್ಟ್ರದ್ದು. ಅವರು ಶಿಕಾರಿಪುರದಲ್ಲಿ ಪಾಠ ಹೇಳಿಕೊಂಡು ಅಲ್ಲೇ ಉಳಿದುಬಿಟ್ಟಿದ್ದರು. ಮದುವೆಯಾಗಿರಲಿಲ್ಲ. ಸಂಬಳದಲ್ಲಿ ಊಟಕ್ಕೆ ಹೋಗಿ ಉಳಿದದ್ದೆಲ್ಲಾ ಪುಸ್ತಕಕ್ಕೆ. ಕಾಯಿಲೆ ಬಿದ್ದಾಗ ಎರಡೂ ಓಣಿಯ ಹಿರಿಯರನ್ನು ಮಂಚದ ಪಕ್ಕಕ್ಕೆ ಕರೆಸಿ, "ನನ್ನ ಪುಸ್ತಕ ಊರಿಗೆ ಕೊಟ್ಟೀನಿ. ಓದೋರು ಓದಲಿ" ಎಂದರಂತೆ. ಅವರು ತೀರಿಕೊಂಡ ಮೇಲೆ ಪುಸ್ತಕಗಳು ಕಪಾಟಿನ ಸಮೇತ ಎತ್ತಿನ ಗಾಡಿಯಲ್ಲಿ ಬಂದವು. ಗಾಡಿ ಚಾವಡಿಯ ಮುಂದೆ ನಿಂತಿತು. ಎತ್ತುಗಳ ಕೊರಳ ಹಗ್ಗ ಬಿಚ್ಚುವುದಕ್ಕೂ ಮೊದಲೇ ಜಗಳ ಶುರುವಾಯಿತು. ಊರಿಗೆ ಅಂದರೆ ಯಾರಿಗೆ?

ಕೊನೆಗೆ ಕಪಾಟು ಚಾವಡಿಯಲ್ಲೇ ಉಳಿಯಿತು. ಅವರು ಓದಬಾರದೆಂದು ನಮ್ಮವರು ಅದಕ್ಕೊಂದು ಬೀಗ ಜಡಿದರು. ನಾವು ಓದಬಾರದೆಂದು ಮಾರನೇ ದಿನ ಅವರು ಇನ್ನೊಂದು ಬೀಗ ಜಡಿದರು. ಯಾರೂ ಓದಲಿಲ್ಲ. ಎರಡೂ ಓಣಿಗೆ ನೆಮ್ಮದಿಯಾಯಿತು.

ಕಪಾಟಿನ ಬಾಗಿಲಿಗೆ ತಂತಿಯ ಜಾಲರಿ ಇತ್ತು. ಜಾಲರಿಯ ಕಣ್ಣಿನೊಳಗೆ ನನ್ನ ಕಿರುಬೆರಳು ಮಾತ್ರ ಹೋಗುತ್ತಿತ್ತು. ತೂರಿಸಿದರೆ ಮುಂದಿನ ಸಾಲಿನ ಪುಸ್ತಕದ ಬೆನ್ನು ತಾಗುತ್ತಿತ್ತು. ಒರಟು ಬಟ್ಟೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳು, ಒಂದೊಂದೂ ಬೆರಳಿಗೆ ತಗ್ಗಾಗಿ ಸಿಗುತ್ತಿದ್ದವು. ಎಲ್ಲದರ ಮೇಲೂ "ಸಮಗ್ರ ಕೃತಿಗಳು" ಎಂದಿತ್ತು, ಅದರ ಕೆಳಗೆ ಯಾರ್ಯಾರೋ ದೊಡ್ಡವರ ಹೆಸರು. ಕೆಲವು ನಮ್ಮ ದೇಶದವರದು, ಕೆಲವು ನಾಲಿಗೆ ಹೊರಳದಂಥ ದೂರದೇಶದವರದು. ಎಲ್ಲರ ಬರಹವೂ ಕನ್ನಡದಲ್ಲೇ ಇದೆ ಎಂದು ಅಕ್ಕ ಹೇಳಿದ್ದಳು. ಸಮಗ್ರ ಅಂದರೆ ಏನು ಎಂದು ನಾನು ಒಮ್ಮೆ ಅಪ್ಪನನ್ನು ಕೇಳಿದೆ. "ಸಮಗ್ರ ಅಂದ್ರೆ ನಮ್ಮದು ಅಂತ" ಎಂದ ಅಪ್ಪ, ತಲೆ ಎತ್ತದೆ. ಆಮೇಲೆ ಅಕ್ಕ ನನ್ನ ಕಿವಿಯಲ್ಲಿ, "ಏನೂ ಬಿಡದೆ ಪೂರ್ತಿ ಅಂತ ಕಣೇ" ಎಂದಳು.

ಪೂರ್ತಿ ಇದೆಯೋ ಇಲ್ಲವೋ ಅನ್ನುವುದೇ ಇನ್ನೊಂದು ಜಗಳ. ಹಿಂದಿನ ಸಾಲು ಜಾಲರಿಯಿಂದ ಕಾಣುತ್ತಿರಲಿಲ್ಲ. ಅಲ್ಲಿದ್ದ ಪುಸ್ತಕಗಳನ್ನು ಗಾಡಿಯಿಂದ ಇಳಿಸುವಾಗಲೇ ಕೆಳಗಿನ ಓಣಿಯವರು ಹಾರಿಸಿದ್ದಾರೆಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮವರೇ ಹಾರಿಸಿದ್ದೆಂದು ಅವರ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕ ಆಗ ಆನವಟ್ಟಿಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ನಾನೂ ಅಲ್ಲೇ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಇಬ್ಬರೂ ಬುತ್ತಿ ಕಟ್ಟಿಕೊಂಡು ಗದ್ದೆಯ ದಾರಿಯಲ್ಲಿ ನಡೆಯುತ್ತಿದ್ದೆವು. ನಮ್ಮ ಹಿಂದೆ, ಕೂಗಿದರೆ ಮಾತ್ರ ಕೇಳುವಷ್ಟು ದೂರದಲ್ಲಿ, ಕೆಳಗಿನ ಓಣಿಯ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳೂ ಹತ್ತನೇ ಕ್ಲಾಸು. ಅವಳ ಅಪ್ಪ ಕೆಳಗಿನ ಓಣಿಯ ಮುಂದಾಳು. ನಮ್ಮ ಅಪ್ಪನಿಗೆ ಲೋಕದಲ್ಲಿ ಒಬ್ಬನೇ ಒಬ್ಬ ಶತ್ರು ಇದ್ದನೆಂದರೆ ಅವನೇ. ಊರ ಗಡಿಯಲ್ಲಿ ಕಾಲುವೆಗೆ ಕಟ್ಟಿದ ಒಂದು ಮೋರಿ ಇತ್ತು. ಅದನ್ನು ದಾಟುವವರೆಗೆ ಅಕ್ಕ ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ. ಮೋರಿ ದಾಟಿದ್ದೇ ತಡ, ಆ ಹುಡುಗಿ ಓಡಿ ಬಂದು ಅಕ್ಕನ ಕೈ ಹಿಡಿಯುತ್ತಿದ್ದಳು. ಆನವಟ್ಟಿ ಮುಟ್ಟುವವರೆಗೂ ಇಬ್ಬರ ಬಾಯಿಗೂ ಬಿಡುವಿಲ್ಲ. ನಾನು ಹಿಂದೆ ಉಳಿಯುತ್ತಿದ್ದೆ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕೆಳಗಿನ ಓಣಿಯವಳು ಎನ್ನುವುದು ಒಂದು ಕಾರಣ. ನನ್ನ ಅಕ್ಕನ ಕೈ ಹಿಡಿಯುತ್ತಿದ್ದಳು ಎನ್ನುವುದು ಅದಕ್ಕಿಂತ ದೊಡ್ಡದು.

ಆ ಚಳಿಗಾಲದಲ್ಲಿ ಅಪ್ಪ ಒಂದು ಮಾತು ಹೇಳಿದ. ಹತ್ತನೇ ಕ್ಲಾಸು ಮುಗಿದರೆ ಸಾಕು, ಮುಂದೆ ಹುಡುಗಿಗೆ ಓದು ಯಾಕೆ ಎಂದ. ಆ ಹುಡುಗಿಯ ಮನೆಯಲ್ಲೂ ಅದೇ ಮಾತು ಆಗಿತ್ತಂತೆ. ಮಾರನೇ ದಿನ ಮೋರಿ ದಾಟಿದ ಮೇಲೆ ಇಬ್ಬರೂ ಅದನ್ನೇ ಆಡಿಕೊಂಡರು. ಆಮೇಲೆ ಅಕ್ಕ ಹೇಳಿದಳು, "ಬರೋ ವರ್ಷ ನಾವಿಬ್ರೂ ಒಲೆ ಮುಂದೆ. ಅದಕ್ಕೂ ಮೊದಲು ಆ ಕಪಾಟನ್ನ ಒಂದು ಸಲ ತೆಗೆದು ನೋಡೇ ಬಿಡಬೇಕು." ಆ ಹುಡುಗಿ ತಕ್ಷಣ, "ನಮ್ಮ ಬೀಗದ ಕೀಲಿಕೈ ನಾನು ತರ್ತೀನಿ, ನಿಮ್ಮದು ನೀ ತಾ" ಎಂದಳು.

ದಿನ ತಾನಾಗಿಯೇ ಒದಗಿ ಬಂತು. ಸೊರಬದಲ್ಲಿ ತೂಬಿನ ಮೊಕದ್ದಮೆಯ ವಾಯಿದೆ. ನಮ್ಮ ಶಾಲೆಯಲ್ಲಿ ಹೊರಗಿನವರಿಗೆ ಯಾವುದೋ ಪರೀಕ್ಷೆ ಇಟ್ಟಿದ್ದರಿಂದ ನಮಗೆ ರಜೆ. ಬೆಳಿಗ್ಗೆ ಎರಡೂ ಓಣಿಯ ಗಂಡಸರು ತಲೆಗೆ ರುಮಾಲು ಸುತ್ತಿ, ಒಗೆದ ಅಂಗಿ ತೊಟ್ಟು, ಒಂದೇ ಬಸ್ಸು ಹತ್ತಿ ಎರಡು ಸಾಲಿನಲ್ಲಿ ಕೂತು ಹೊರಟರು. ಬಸ್ಸಿನ ಧೂಳು ಇನ್ನೂ ಇಳಿದಿರಲಿಲ್ಲ, ಅಕ್ಕ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದಳು. ನಮ್ಮ ಕೀಲಿಕೈ ದೇವರ ಜಗಲಿಯ ಮೇಲೆ, ವಿಭೂತಿ ಡಬ್ಬಿಯ ಕೆಳಗೆ ಇರುತ್ತಿತ್ತು. ದೇವರ ಜಗಲಿ ಅಡುಗೆಮನೆಯ ಎದುರಿಗೇ. ಅಕ್ಕ ಹೋದರೆ ಅವ್ವನಿಗೆ ಅನುಮಾನ ಬರುತ್ತದೆ, ನಾನಾದರೆ ದಿನಾ ವಿಭೂತಿ ಹಚ್ಚಿಕೊಳ್ಳುವವಳು.

"ನಾ ಯಾಕೆ ತರಲಿ? ಅವಳು ಬರ್ತಾಳೆ ಅಂದ್ರೆ ನಾ ತರಲ್ಲ" ಎಂದೆ.

ಅಕ್ಕ ಬೈಯಲಿಲ್ಲ. ಬೇರೆ ಏನೋ ಹೇಳಿದಳು. "ಹಿಂದಿನ ಸಾಲಿನ ಪುಸ್ತಕ ಅವರು ಕದ್ದಾರೋ ಇಲ್ಲೋ ಅಂತ ಇವತ್ತು ಗೊತ್ತಾಗುತ್ತೆ. ನಿನಗೆ ನೋಡೋದು ಬ್ಯಾಡೇನು?"

ನಾನು ಒಳಗೆ ಹೋದೆ. ಅವ್ವ ಒಲೆಯ ಮುಂದೆ ಕೂತು ಅಕ್ಕಿ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ವಿಭೂತಿ ಹಚ್ಚಿಕೊಂಡೆ, ಡಬ್ಬಿ ಸರಿಸಿ ಕೀಲಿಕೈಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡೆ. ತಣ್ಣಗಿತ್ತು. ತಿರುಗಿದಾಗ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಷ್ಟಿಯನ್ನು ನೋಡಿದಳು, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿ ಮತ್ತೆ ರೊಟ್ಟಿ ಬಡಿಯುತ್ತಾ, "ನಿಮ್ಮಪ್ಪ ಬರೋದ್ರೊಳಗೆ ಎಲ್ಲಿಂದ ತಗೊಂಡ್ಯೋ ಅಲ್ಲೇ ಇಡು" ಎಂದಳು. ಅಷ್ಟೇ.

ಚಾವಡಿಯಲ್ಲಿ ಬಿಸಿಲು ಕಂಬಗಳ ಬುಡದವರೆಗೆ ಬಂದಿತ್ತು. ಹೊಸ ಹುಲ್ಲಿನ ವಾಸನೆ ಎರಡೂ ಓಣಿಯ ಕಣಗಳಿಂದ ಒಂದೇ ಸಮ ಬರುತ್ತಿತ್ತು. ಆ ಹುಡುಗಿ ಆಗಲೇ ಬಂದು ಕಂಬದ ಮರೆಯಲ್ಲಿ ನಿಂತಿದ್ದಳು. ಅವರ ಕೀಲಿಕೈ ಅವಳ ಅಜ್ಜಿಯ ಸೊಂಟದ ಗೊಂಚಲಲ್ಲಿತ್ತಂತೆ. ಅಜ್ಜಿಯ ತಲೆಗೆ ಎಣ್ಣೆ ತಿಕ್ಕಿ ತಿಕ್ಕಿ ನಿದ್ದೆ ಬರಿಸಿ ಬಿಡಿಸಿಕೊಂಡು ಬಂದಿದ್ದಳು. ಅವಳ ಕೈಯಲ್ಲಿ ಇನ್ನೂ ಹರಳೆಣ್ಣೆಯ ಜಿಡ್ಡಿತ್ತು. ಅದನ್ನೇ ಬೀಗಕ್ಕೆ ಸವರಿದಳು. ಅವರ ಬೀಗ ಒಂದೇ ತಿರುವಿಗೆ ತೆರೆಯಿತು. ನಮ್ಮದು ತೆರೆಯಲಿಲ್ಲ. ನನಗೆ ಅವಮಾನವಾಯಿತು. ನಾನೇ ಮನೆಗೆ ಓಡಿ ಚಿಮಣಿ ಎಣ್ಣೆ ತಂದೆ. ಅಕ್ಕ ಅದನ್ನು ತೊಟ್ಟು ತೊಟ್ಟಾಗಿ ಬಿಟ್ಟಳು, ಕೀಲಿಕೈ ಹಾಕಿ ಅಲುಗಿಸಿದಳು, ಸೆರಗು ಸುತ್ತಿ ಜಗ್ಗಿದಳು. ಕೊನೆಗೆ ನಮ್ಮ ಬೀಗವೂ ಕಿರುಗುಟ್ಟಿ ಬಾಯಿ ಬಿಟ್ಟಿತು.

ಬಾಗಿಲು ತೆಗೆದಾಗ ಮೊದಲು ಹೊರಬಂದದ್ದು ವಾಸನೆ. ನುಸಿಗುಳಿಗೆ, ಒಣಗಿದ ಬೇವಿನೆಲೆ, ಹಳೇ ಕಾಗದ, ಎಲ್ಲಾ ಸೇರಿದ ಒಂದು ಖಾರ ವಾಸನೆ. ಮೂಗಿಗೆ ಹತ್ತಿ ನಾನು ಸೀನಿದೆ. ಮೇಷ್ಟ್ರು ಹಾಳೆಗಳ ನಡುವೆ ಇಟ್ಟಿದ್ದ ಬೇವಿನೆಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಕ್ಕ ಮುಂದಿನ ಸಾಲನ್ನು ಒಂದೊಂದಾಗಿ ತೆಗೆದು ಆ ಹುಡುಗಿಯ ಕೈಗೆ ಕೊಟ್ಟಳು, ಅವಳು ಚಾವಡಿಯ ನೆಲದ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಅಕ್ಕ ಹಿಂದಿನ ಸಾಲಿಗೆ ಕೈ ಹಾಕಿದಳು. ಖಾಲಿ ಇರಲಿ ಎಂದು ದೇವರನ್ನು ಬೇಡಿಕೊಂಡೆ. ಖಾಲಿ ಇದ್ದರೆ ಅವರು ಕಳ್ಳರೆಂದು ಆಗುತ್ತಿತ್ತಲ್ಲ!

ಖಾಲಿ ಇರಲಿಲ್ಲ. ಸಂಪುಟದ ಮೇಲೆ ಸಂಪುಟ ಬಂತು. ಎಲ್ಲವನ್ನೂ ಸಾಲಾಗಿ ಜೋಡಿಸಿದ ಮೇಲೆ ಆ ಹುಡುಗಿ ಬೆನ್ನಿನ ಮೇಲಿನ ಹೆಸರುಗಳನ್ನು ಮೊದಲಿನಿಂದ ಓದುತ್ತಾ ಬಂದಳು, ಅಕ್ಕ ಕೊನೆಯಿಂದ ಓದುತ್ತಾ ಬಂದಳು, ಇಬ್ಬರ ಬೆರಳೂ ನಡುವಿನಲ್ಲಿ ಒಂದೇ ಪುಸ್ತಕದ ಮೇಲೆ ಬಂದು ನಿಂತವು. ಹದಿಮೂರು ಸಂಪುಟ. ಕಪಾಟಿನ ಒಳಗೆ ಮೇಷ್ಟ್ರು ಅಂಟಿಸಿದ್ದ ಪಟ್ಟಿಯಲ್ಲೂ ಹದಿಮೂರೇ. ಒಂದೂ ಕಳುವಾಗಿರಲಿಲ್ಲ. ಅಷ್ಟು ವರ್ಷ ಎರಡು ಓಣಿ ಒಬ್ಬರನ್ನೊಬ್ಬರು ಕಳ್ಳರೆಂದು ಕರೆದದ್ದೆಲ್ಲಾ ಗಾಳಿಮಾತು. ಅಕ್ಕ ಗೋಡೆಗೆ ಒರಗಿ ಕೂತು ಗಟ್ಟಿಯಾಗಿ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

ಆಮೇಲೆ ಇಬ್ಬರೂ ಓದಲು ಕೂತರು. ಹಸಿದವರು ಊಟಕ್ಕೆ ಕೂತ ಹಾಗೆ. ಒಂದನ್ನು ತೆಗೆದು ನಾಲ್ಕು ಹಾಳೆ ಓದುವುದು, ಅಯ್ಯೋ ಇದು ನೋಡೇ ಎಂದು ಇನ್ನೊಂದಕ್ಕೆ ಕೈ ಹಾಕುವುದು. ನಾನು ಚಿತ್ರಗಳನ್ನು ಹುಡುಕಿದೆ. ಪ್ರತಿ ಸಂಪುಟದ ಮೊದಲಿಗೆ ಒಂದೊಂದು ಚಿತ್ರವಿತ್ತು, ಅದರ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳ್ಳನೆ ಕಾಗದ. ಕಾಗದ ಎತ್ತಿದರೆ ಒಳಗೆ ಗಡ್ಡದವರು, ಬೋಳು ತಲೆಯವರು, ಪೇಟದವರು. ಒಬ್ಬರೂ ನಗುತ್ತಿರಲಿಲ್ಲ. ನಮ್ಮ ಊರಿಗೆ ಸರಿಯಾದವರೇ ಬಂದಿದ್ದಾರೆ ಅಂದುಕೊಂಡೆ.

ಆ ಹುಡುಗಿ ಒಂದು ಪುಸ್ತಕದಿಂದ ಜೋರಾಗಿ ಓದತೊಡಗಿದಳು. ಬಹಳ ಹಿಂದೆ ಯಾವುದೋ ದೇಶದ ಒಂದು ಪಟ್ಟಣದಲ್ಲಿ ಒಬ್ಬ ಮುದುಕನಿದ್ದನಂತೆ. ಊರವರೇ ಪಂಚಾಯಿತಿ ಸೇರಿ ಅವನಿಗೆ ವಿಷ ಕುಡಿಸಿದರಂತೆ.

"ಯಾಕೆ? ಏನು ಮಾಡಿದ್ದ?" ಎಂದೆ ನಾನು.

"ಏನೂ ಇಲ್ಲ. ದಾರೀಲಿ ಸಿಕ್ಕೋರ್ನೆಲ್ಲಾ ನಿಲ್ಲಿಸಿ ಪ್ರಶ್ನೆ ಕೇಳ್ತಿದ್ದ" ಎಂದಳು ಅವಳು.

"ಯಾವ ಓಣಿಯವನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ನಕ್ಕು ಮುಗಿದ ಮೇಲೆ ಆ ಹುಡುಗಿ ನನ್ನನ್ನು ಹತ್ತಿರ ಎಳೆದು ಕೂರಿಸಿಕೊಂಡು, ನನಗೆ ಅರ್ಥವಾಗುವ ಹಾಗೆ ನಿಧಾನವಾಗಿ ಓದಿದಳು. ಅವಳ ಕೈಯ ಹರಳೆಣ್ಣೆ ನನ್ನ ಲಂಗಕ್ಕೆ ಹತ್ತಿತು. ನಾನು ದೂರ ಸರಿಯಲಿಲ್ಲ. ಕಥೆಯಲ್ಲಿ ಮುದುಕ ಇನ್ನೂ ವಿಷದ ಬಟ್ಟಲು ಎತ್ತಿರಲಿಲ್ಲ.

ಸೊರಬದಲ್ಲಿ ಅವತ್ತು ವಕೀಲರು ಬರಲಿಲ್ಲವಂತೆ. ಕೇಸು ಮುಂದಕ್ಕೆ ಹೋಯಿತು. ಸಂಜೆಯ ಬಸ್ಸಿಗೆ ಕಾಯುವ ಬದಲು ಎಲ್ಲರೂ ಸಿಕ್ಕ ಬಸ್ಸು ಹತ್ತಿ ಆನವಟ್ಟಿಗೆ ಬಂದು, ಅಲ್ಲಿಂದ ನಡೆದೇ ಹೊರಟರು. ಸುಡುಬಿಸಿಲಲ್ಲಿ ನಮ್ಮವರು ರಸ್ತೆಯ ಈ ಅಂಚಿಗೆ, ಅವರು ಆ ಅಂಚಿಗೆ, ಮಾತಿಲ್ಲ ಕಥೆಯಿಲ್ಲ. ಹಸಿವು ಒಂದು ಕಡೆ, ಕೇಸು ನಿಂತ ಸಿಟ್ಟು ಇನ್ನೊಂದು ಕಡೆ. ಹಾಗೆ ಬಂದವರ ಕಣ್ಣಿಗೆ ಬಿದ್ದದ್ದು, ತೆರೆದ ಕಪಾಟು, ನೆಲದ ತುಂಬಾ ಪುಸ್ತಕ, ಒಟ್ಟಿಗೆ ಕೂತ ನಾವು ಮೂವರು.

"ಬೀಗ ಮುರಿದ್ಯೇನೇ?" ಅಪ್ಪನ ದನಿಗೆ ಚಾವಡಿಯ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು.

"ಮುರಿದಿಲ್ಲ ಅಪ್ಪಾ. ತೆಗೆದೀವಿ" ಎಂದಳು ಅಕ್ಕ, ಎದ್ದು ನಿಂತು.

ಆ ಹುಡುಗಿಯ ಅಪ್ಪ ಮುಂದೆ ಬಂದ. "ನೋಡ್ರೋ, ಮೇಲಿನ ಓಣಿಯವರು ಹೆಣ್ಣುಮಕ್ಕಳನ್ನ ಮುಂದೆ ಬಿಟ್ಟು ಕಳ್ಳತನ ಮಾಡಿಸ್ತಾರೆ!" ಎಂದು ಕೂಗಿದ.

"ಕೀಲಿಕೈ ತಂದೋಳು ನಿನ್ನ ಮಗಳು. ನಿನ್ನ ಮಗಳನ್ನ ಕೇಳು!" ಎಂದ ಅಪ್ಪ. ಎಷ್ಟೋ ವರ್ಷಗಳಲ್ಲಿ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ಇನ್ನೂ ಮಾತು ಮುಗಿದಿರಲಿಲ್ಲ, ಅವನು ಮಗಳ ಜಡೆ ಹಿಡಿದು ಎಳೆದು ಬೆನ್ನಿಗೆ ಗುದ್ದಿದ. ಅಪ್ಪ ಅಕ್ಕನ ಕೆನ್ನೆಗೆ ಹೊಡೆದ. ಎರಡು ಸದ್ದೂ ಒಟ್ಟಿಗೇ ಕೇಳಿಸಿದವು, ಹೊಡೆಯುವುದರಲ್ಲೂ ಒಬ್ಬರಿಗೊಬ್ಬರು ಕಡಿಮೆಯಾಗಬಾರದು ಎನ್ನುವ ಹಾಗೆ.

ಅಕ್ಕ ಅಳಲಿಲ್ಲ. ಕೆನ್ನೆ ಮುಟ್ಟಿಯೂ ನೋಡಿಕೊಳ್ಳಲಿಲ್ಲ. "ಎಲ್ಲಾ ಇದಾವೆ. ಒಂದೂ ಕಳುವಾಗಿಲ್ಲ. ಬೇಕಾದ್ರೆ ಎಣಿಸಿ ನೋಡ್ರಿ" ಎಂದಳು. ಅಪ್ಪನಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಗಂಡಸರು ಎಣಿಸಿದರು. ನಮ್ಮವರು ಒಮ್ಮೆ ಎಣಿಸಿದರು, ಅವರು ಒಮ್ಮೆ ಎಣಿಸಿದರು. ಆಗ ಅವರ ಮುಖ ನೋಡಬೇಕಿತ್ತು ಮಕ್ಕಳೇ. ಕಳೆದುಹೋಗಿದೆ ಅಂದುಕೊಂಡ ಒಡವೆ ಸಿಕ್ಕಿದರೆ ಮನುಷ್ಯನಿಗೆ ಸಂತೋಷವಾಗಬೇಕು. ಇವರಿಗೆ ಹೊಟ್ಟೆ ಉರಿಯಿತು. ಒಂದಾದರೂ ಕಡಿಮೆಯಿದ್ದರೆ ಅದೇ ಜಗಳದಲ್ಲಿ ಇನ್ನಷ್ಟು ವರ್ಷ ಕಳೆಯಬಹುದಿತ್ತು. ಪೂರ್ತಿ ಇದ್ದದ್ದನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ.

"ಹಂಚಿ ಬಿಡ್ರಿ ಅತ್ಲಾಗೆ" ಎಂದ ಯಾರೋ ಹಿಂದಿನಿಂದ.

ಹಂಚಿದರು. ಅಕ್ಕ ಬೇಡ ಬೇಡ ಎಂದು ಅಂಗಲಾಚಿದಳು. ಒಬ್ಬರ ಬರಹವೇ ಎರಡೆರಡು ಸಂಪುಟದಲ್ಲಿ ಇದೆ, ಬೇರೆ ಮಾಡಿದರೆ ಅರ್ಥವೇ ಆಗುವುದಿಲ್ಲ ಎಂದಳು. ಆ ಹುಡುಗಿಯೂ ಕೈ ಮುಗಿದು ಕೇಳಿಕೊಂಡಳು. ಯಾರೂ ಕಿವಿ ಕೊಡಲಿಲ್ಲ. ಒಂದು ಆ ಕಡೆಗೆ, ಒಂದು ಈ ಕಡೆಗೆ, ಕಣದಲ್ಲಿ ಭತ್ತ ಪಾಲು ಮಾಡುವ ಹಾಗೆ. ಕೊನೆಗೆ ಒಂದು ಉಳಿಯಿತು. ಅಪ್ಪ ಅದರ ಒಂದು ರಟ್ಟು ಹಿಡಿದ. ಆ ಹುಡುಗಿಯ ಅಪ್ಪ ಇನ್ನೊಂದು ರಟ್ಟು ಹಿಡಿದ. ಇಬ್ಬರೂ ಬಿಡಲಿಲ್ಲ. ಇಬ್ಬರೂ ಜಗ್ಗಿದರು. ಬೆನ್ನಿನ ಬಟ್ಟೆ ಹರಿಯಿತು, ಆಮೇಲೆ ಒಳಗಿನ ಹೊಲಿಗೆ ಪಟಪಟನೆ ಕಿತ್ತುಬಂತು, ನಡುವಿನ ಹಾಳೆಗಳು ಚಾವಡಿಯ ತುಂಬಾ ಹಾರಿದವು. ಅಪ್ಪ ಅರ್ಧ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಗೆದ್ದವನ ಹಾಗೆ ನಮ್ಮ ಓಣಿಯ ಕಡೆ ನಡೆದ. ಅವನೂ ಹಾಗೇ ನಡೆದ. ಕೆನ್ನೆಗೆ ಏಟು ಬಿದ್ದಾಗ ಅಳದ ಅಕ್ಕ ಆಗ ನೆಲ ಹಿಡಿದು ಕೂತು ಅತ್ತಳು. ಹಾರಿದ ಹಾಳೆಗಳನ್ನು ನಾನೂ ಆ ಹುಡುಗಿಯೂ ಹೆಕ್ಕಿದೆವು. ಅವಳ ಜಡೆ ಬಿಚ್ಚಿಹೋಗಿತ್ತು. ಯಾವ ಹಾಳೆ ಯಾರಿಗೆ ಸೇರಬೇಕು ಎಂದು ನಾವು ಕೇಳಿಕೊಳ್ಳಲಿಲ್ಲ. ಸಿಕ್ಕಿದ್ದನ್ನೆಲ್ಲಾ ಅವಳು ನನ್ನ ಲಂಗದ ಮಡಿಲಿಗೆ ಹಾಕಿದಳು.

ಇನ್ನೊಂದು ಹೇಳಲು ಮರೆತೆ. ಸಂಜೆ ಆ ಖಾಲಿ ಕಪಾಟಿಗೆ ಮತ್ತೆ ಎರಡೂ ಬೀಗ ಬಿದ್ದವು.

ಅವತ್ತು ಊಟಕ್ಕೆ ಕೂತಾಗ ಹುರುಳಿ ಸಾರಿನ ಹಬೆ ಏಳುತ್ತಿತ್ತು, ಯಾರೂ ತುತ್ತು ಎತ್ತಲಿಲ್ಲ. ಅಪ್ಪ ಹೇಳಿದ, "ನಾಳೆಯಿಂದ ಇವಳ ಶಾಲೆ ಬಂದ್. ಹತ್ತನೇ ಕ್ಲಾಸೂ ಬ್ಯಾಡ, ಪರೀಕ್ಷೆನೂ ಬ್ಯಾಡ." ಅಕ್ಕ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಕೆನ್ನೆಯ ಮೇಲೆ ಬೆರಳಿನ ಗುರುತು ಹಾಗೇ ಇತ್ತು.

ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಕ್ಷಣ ನನಗೂ ಕೆಳಗಿನ ಓಣಿಯವಳಾಗಿಬಿಡಬೇಕು ಅನ್ನಿಸಿತು. ಆದರೆ ಬಾಯಿಂದ ಬಂದ ಮಾತು ಬೇರೆ. ಸಾರು ಕಲಸುತ್ತಾ, ಏನೂ ಗೊತ್ತಿಲ್ಲದವಳ ಹಾಗೆ ಅಂದೆ.

"ಅವರ ಹುಡುಗಿ ನಾಳೆ ಶಾಲೆಗೆ ಹೋಗ್ತಾಳಂತೆ."

ಅಪ್ಪನ ಕೈ ನಿಂತಿತು. "ಯಾರಂದ್ರು?"

"ಅವರಪ್ಪನೇ ಅಂತಿದ್ದ. ಮೇಲಿನ ಓಣಿಯೋರು ಮಗಳನ್ನ ಹೆದರಿ ಮನೇಲಿ ಕೂರಿಸ್ತಾರೆ, ನಾನು ಕಾಲೇಜಿಗೂ ಕಳಿಸ್ತೀನಿ ಅಂತ."

ಹಸಿ ಸುಳ್ಳು ಮಕ್ಕಳೇ. ಅವನು ಅಂಥ ಮಾತೇ ಆಡಿರಲಿಲ್ಲ. ಅವಳ ಮನೆಯಲ್ಲಿ ಅದೇ ಹೊತ್ತಿಗೆ ಅವಳ ಶಾಲೆಯನ್ನೂ ಬಂದ್ ಮಾಡಿದ್ದರು ಎಂದು ಆಮೇಲೆ ಗೊತ್ತಾಯಿತು. ಸುಳ್ಳು ಹೇಳಬಾರದೆಂದು ನಾನು ನಿಮಗೆ ನೂರು ಸಲ ಹೇಳಿದ್ದೇನೆ. ಆದರೆ ಆ ಒಂದು ಸುಳ್ಳಿಗೆ ನನಗೆ ಎಂದೂ ಪಶ್ಚಾತ್ತಾಪವಾಗಿಲ್ಲ. ಇವತ್ತು ಮತ್ತೆ ಆ ತಟ್ಟೆಯ ಮುಂದೆ ಕೂರಿಸಿದರೆ ಮತ್ತೆ ಹೇಳುತ್ತೇನೆ.

ಅಪ್ಪ ಎಡಗೈಯಿಂದ ನೆಲ ಗುದ್ದಿದ. "ಅವನ ಮಗಳು ಹೋಗ್ತಾಳೆ, ನನ್ನ ಮಗಳು ಹೆದರಿ ಕೂರ್ತಾಳೇನು? ನಾಳೆ ಇವಳು ಶಾಲೆಗೆ ಹೋಗಬೇಕು! ಅವರ ಓಣಿ ಮುಂದೆನೇ ಹೋಗಬೇಕು!"

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಊಟ ಮಾಡುತ್ತಿದ್ದೆ.

ಬೆಳಿಗ್ಗೆ ನಾವಿಬ್ಬರೂ ಬುತ್ತಿ ಹಿಡಿದು ಕೆಳಗಿನ ಓಣಿಯ ಮುಂದೆ ನಿಧಾನವಾಗಿ ನಡೆದೆವು. ಅಕ್ಕನ ಕೆನ್ನೆ ಊದಿತ್ತು. ಜಗಲಿಯ ಮೇಲೆ ಹಲ್ಲುಜ್ಜುತ್ತಾ ಕೂತಿದ್ದ ಆ ಹುಡುಗಿಯ ಅಪ್ಪ ಬಾಯಿಯ ನೊರೆ ಉಗಿಯುವುದನ್ನೂ ಮರೆತು ನೋಡಿದ. ನಾವು ಮೋರಿಯ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಓಡುವ ಸದ್ದು ಕೇಳಿಸಿತು. ಅವಳೇ. ಅರ್ಧ ಜಡೆ ಹೆಣೆದುಕೊಂಡು, ಬುತ್ತಿಯೂ ಇಲ್ಲದೆ ಓಡಿ ಬರುತ್ತಿದ್ದಳು. ಏದುಸಿರು ಬಿಡುತ್ತಾ, "ಅವರ ಹುಡುಗಿ ಹೋಗ್ತಾ ಇದಾಳೆ, ನೀನ್ಯಾಕೆ ಇನ್ನೂ ಒಳಗಿದೀಯ ಅಂತ ಅಪ್ಪ ನನ್ನನ್ನೇ ಬೈದ!" ಎಂದಳು. ಅಕ್ಕ ತನ್ನ ಬುತ್ತಿಯಲ್ಲಿದ್ದ ರೊಟ್ಟಿಯನ್ನು ಮೂರು ಪಾಲು ಮಾಡಿದಳು.

ಅಲ್ಲಿಂದ ಮುಂದೆ ಆ ಇಬ್ಬರು ಅಪ್ಪಂದಿರ ಹಗೆಯನ್ನು ಮಕ್ಕಳೇ ತಮ್ಮ ಕೆಲಸಕ್ಕೆ ಬಳಸಿಕೊಂಡರು. ನಮ್ಮ ಮನೆಯ ಸಂಪುಟ ಬುತ್ತಿಚೀಲದ ತಳದಲ್ಲಿ ಮೋರಿ ದಾಟುತ್ತಿತ್ತು, ಅವರದು ಈ ಕಡೆಗೆ ಬರುತ್ತಿತ್ತು. ಅವಳು ಇಂಥದ್ದು ಓದಿ ಮುಗಿಸಿದಳಂತೆ ಎಂದು ಅಕ್ಕ ಅಪ್ಪನ ಕಿವಿಗೆ ಬೀಳುವ ಹಾಗೆ ಹೇಳುವಳು. ಅಪ್ಪ ಕೂಡಲೇ, "ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿಕೊಂಡು ಓದು, ಅವಳಿಗಿಂತ ಹಿಂದೆ ಬಿದ್ದರೆ ನೋಡು" ಅನ್ನುವನು. ಆ ಮನೆಯಲ್ಲೂ ಅದೇ ಆಟ. ಅಪ್ಪಂದಿರು ಪಾಲು ಮಾಡಿದ ಹದಿಮೂರು ಸಂಪುಟಗಳನ್ನೂ ಇಬ್ಬರೂ ಓದಿದರು, ಹರಿದದ್ದನ್ನೂ ಸೇರಿಸಿ. ಒಬ್ಬಳು ಶಿಕಾರಿಪುರದ ಕಾಲೇಜಿಗೆ ಸೇರಿದಳೆಂದು ಇನ್ನೊಬ್ಬಳನ್ನೂ ಸೇರಿಸಿದರು. ಒಂದೇ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಇದ್ದಾರೆಂದು ಊರಿಗೆ ಎಂದೂ ತಿಳಿಯಲಿಲ್ಲ. ಅಕ್ಕ ಕಾಲೇಜಿನಲ್ಲಿ ಪಾಠ ಹೇಳುವವಳಾದಳು. ಆ ಹುಡುಗಿಗೆ ತಾಲೂಕು ಕಚೇರಿಯಲ್ಲಿ ಕೆಲಸವಾಯಿತು. ಓಣಿಗಳು ಮಾತ್ರ ಹಾಗೇ ಇವೆ. ಅಪ್ಪ ಸತ್ತಾಗಲೂ ಅವರ ಕಡೆಯಿಂದ ಬಂದವಳು ಅವಳೊಬ್ಬಳೇ.

ಮೊನ್ನೆ ಭಾನುವಾರ, ನಾವು ಈ ಶಿಕಾರಿಪುರದ ಮನೆಯಲ್ಲಿ ತಿಂಡಿಗೆ ಕೂತಿದ್ದಾಗ, ನಾನು ಆ ಸಂಪುಟಗಳ ಚಿಂತಕರಲ್ಲಿ ಒಬ್ಬರ ಹೆಸರು ಹೇಳಿದೆ. ಮೊಮ್ಮಕ್ಕಳಲ್ಲಿ ದೊಡ್ಡವಳಾದ ನೀನು ಫೋನು ತೆಗೆದೆ. ದೋಸೆಯ ಒಂದು ತುಂಡು ನಿನ್ನ ಬಾಯಲ್ಲಿತ್ತು. ಅದನ್ನು ನುಂಗುವಷ್ಟರಲ್ಲಿ, "ಅಜ್ಜಿ, ಇವರು ಬರೆದದ್ದೆಲ್ಲಾ ಇದೆ, ಫ್ರೀಯಾಗೇ ಸಿಗುತ್ತೆ. ನಿನ್ನ ಫೋನಿಗೂ ಹಾಕಿದೀನಿ" ಎಂದೆ. ನಿನ್ನ ತಮ್ಮನಿಗೂ ಕಳಿಸಿದೆ, ನಿನ್ನ ಕ್ಲಾಸಿನ ಗುಂಪಿಗೂ ಕಳಿಸಿದೆ. ಆ ಗುಂಪಿನಲ್ಲಿ ಯಾರು ಯಾವ ಬೀದಿಯವರೆಂದು ನಿನಗೆ ಗೊತ್ತೂ ಇಲ್ಲ. ಆಮೇಲೆ ಇನ್ನೊಂದು ದೋಸೆ ಕೇಳಿದೆ.

ನಾನು ತಟ್ಟೆ ಸರಿಸಿ ಎದ್ದು ಹೋದೆ. ಅಜ್ಜಿಗೆ ಸಿಟ್ಟು ಬಂತು, ಯಾಕೆಂದು ಗೊತ್ತಿಲ್ಲ ಎಂದು ನೀವು ನಿಮ್ಮಮ್ಮನಿಗೆ ಹೇಳಿದ್ದು ಒಳಗೆ ಕೇಳಿಸಿತು. ಸಿಟ್ಟು ಬಂದದ್ದು ನಿಜ. ನಿಮ್ಮ ಮೇಲಲ್ಲ. ಇದ್ದದ್ದನ್ನು ಇನ್ನೊಬ್ಬರಿಗೆ ಕೊಡುವುದು ಒಂದು ತುತ್ತು ನುಂಗುವಷ್ಟು ಹೊತ್ತಿನ ಕೆಲಸ ಎಂದು ಅವತ್ತು ಕಣ್ಣಾರೆ ಕಂಡೆ. ಕೊಡದೇ ಇದ್ದವರ ಮೇಲೆ ಸಿಟ್ಟು ಹೊಸದಾಗಿ ಬಂತು.